ಮೂಳೆಗೆ ರಾಗಿ: ಮೊಳಕೆ ಕಟ್ಟಿ ಹಿಟ್ಟು ಮಾಡಿಸಿ

ಮಕ್ಕಳಿಗೂ ವಯಸ್ಸಾದವರಿಗೂ ಗಂಜಿ, ಅಂಬಲಿ ಮಾಡುವಾಗ ಮಾಮೂಲಿ ಹಿಟ್ಟಿನ ಬದಲು ಮೊಳಕೆ ರಾಗಿ ಹಿಟ್ಟು ಬಳಸಿ. ರಾಗಿ ತೊಳೆದು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಪಂಚೆಯಲ್ಲಿ ಗಂಟು ಕಟ್ಟಿಡಿ. ಒಂದು ದಿನಕ್ಕೆ ಎಳ್ಳಿನಷ್ಟು ಬಿಳಿ ಮೊಳಕೆ ಇಣುಕುತ್ತದೆ, ಅಷ್ಟು ಸಾಕು. ಚೆನ್ನಾಗಿ ಒಣಗಿಸಿ, ಘಮ ಬರುವಷ್ಟು ಹುರಿದು ಮಿಲ್ಲಿಗೆ ಹಾಕಿಸಿ. ನೂರು ಗ್ರಾಂ ರಾಗಿಯಲ್ಲಿ ಹೆಚ್ಚುಕಮ್ಮಿ 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲೇ ಇರುವ ಫೈಟೇಟ್ ಅನ್ನೋ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬಂದಾಗ ಫೈಟೇಟ್ ಕಡಿಮೆಯಾಗಿ, ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಈ ಹಿಟ್ಟಲ್ಲಿ ಮುದ್ದೆ ಮಾತ್ರ ತಿರುವಬೇಡಿ, ಗಟ್ಟಿ ನಿಲ್ಲದೆ ಅಂಟಂಟಾಗುತ್ತದೆ. ಮುದ್ದೆಗೆ ಮಾಮೂಲಿ ಹಿಟ್ಟೇ ಸರಿ. ಮೊಳಕೆ ರಾಗಿಗಾಗಲಿ ಹಿಟ್ಟಿಗಾಗಲಿ ಮುಗ್ಗಲು ವಾಸನೆ ಬಂದರೆ ಯೋಚನೆ ಮಾಡದೆ ಬಿಸಾಕಿ. ಸಕ್ಕರೆ ಕಾಯಿಲೆ ಇರುವವರು ತೆಳು ಗಂಜಿಯನ್ನು ಲೋಟಗಟ್ಟಲೆ ಕುಡಿಯಬಾರದು, ಶುಗರ್ ಬೇಗ ಏರುತ್ತದೆ. ಇನ್ನೊಂದು ಮಾತು, ನಮ್ಮ ಕಡೆಯವರಿಗೆ ಇದೇ ಮುಖ್ಯ: ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ ಕೀಲು ಬಿಗಿದುಕೊಳ್ಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ದಟ್ಟವಾಗುತ್ತದೆ. ಹಾಗಾಗಿ ನೆನೆಹಾಕೋಕೂ ಗಂಜಿ ಕಾಯಿಸೋಕೂ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಬಿಸಿಲಿಗೇ ಹೋಗದೆ ಒಳಗೇ ಕೂರುವ ಅಜ್ಜಿ ತಾತಂದಿರಿಗೆ ಬರೀ ಗಂಜಿ ಸಾಲದು. ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಹತ್ತಲ್ಲ, ಆ ವಿಟಮಿನ್ ಮೈಗೆ ಸಿಗೋದು ಬಿಸಿಲಿನಿಂದ, ಹಾಗಾಗಿ ಬಿಸಿಲಲ್ಲಿ ರಾಗಿ ಒಣಗಿಸೋ ಕೆಲಸ ಅವರಿಗೇ ಕೊಡಿ.