ಸರ್ಕಾರಿ ಟೆಂಡರ್ ಗೆದ್ದವರ ಹಿಂದೆ ಬೀಳಿ

ಪೀಣ್ಯ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟವರಿಗೆ ಒಂದು ಮಾತು. ಎಚ್‌ಎಎಲ್, ಬಿಇಎಲ್ ಕೆಲಸ ನಮಗೆಲ್ಲಿ ಸಿಗುತ್ತದೆ ಅಂತ ಸುಮ್ನೆ ಕೂರಬೇಡಿ. ಟೆಂಡರ್ ಗೆದ್ದ ದೊಡ್ಡ ಕಂಪನಿಯನ್ನು ಹಿಡಿಯಿರಿ. ಎಚ್‌ಎಎಲ್, ಬಿಇಎಲ್ ಥರದ ಕೇಂದ್ರದ ಸಂಸ್ಥೆಗಳು ವರ್ಷದ ಖರೀದಿಯಲ್ಲಿ ಕನಿಷ್ಠ ಶೇ 25 ಸಣ್ಣ ಉದ್ಯಮಗಳಿಂದ ಮಾಡಬೇಕು. ದೊಡ್ಡವರು ನಮಗೆ ಕೊಡುವ ಸಬ್‌ಕಾಂಟ್ರ್ಯಾಕ್ಟ್ ಕೂಡ ಆ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಬೇಕು. ಅದು ಪೂರ್ತಿ ಉಚಿತ, ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಹೋಗುವಾಗ ಬಣ್ಣದ ಬ್ರೋಷರ್ ಬೇಡ. ನೀವೇ ಮಾಡಿದ ಒಂದು ಪಾರ್ಟ್, ಅದರ ಡ್ರಾಯಿಂಗ್, ಇನ್‌ಸ್ಪೆಕ್ಷನ್ ರಿಪೋರ್ಟ್ ಒಯ್ಯಿರಿ. ಅಳತೆಯ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕ ನೋಡಿದ ಮೇಲೇ ಅವರು ಮಾತಿಗೆ ಕೂರುವುದು.

ಪಿಒ, ಅಂದರೆ ಲಿಖಿತ ಖರೀದಿ ಆದೇಶ, ಕೈಗೆ ಬರದೆ ಮೆಷಿನ್ ಆನ್ ಮಾಡಬೇಡಿ. ನಾನು ಒಮ್ಮೆ ಬಾಯಿಮಾತು ನಂಬಿ ಏಳು ತಿಂಗಳು ದುಡ್ಡಿಗೆ ಅಲೆದಿದ್ದೇನೆ. ಕಾನೂನಿನಂತೆ ಹೆಚ್ಚೆಂದರೆ 45 ದಿನದೊಳಗೆ ಬರಬೇಕಿತ್ತು, ಕಾಗದವೇ ಇಲ್ಲದೆ ಯಾರನ್ನು ಕೇಳಲಿ?