ಬಿಳಿಯಾಗೇ ಬಂದ ಫಿಲ್ಟರ್

ಹಿಂದೂ ಮಹಾಸಾಗರದ ನಡುವಿನ ಬೆಟ್ಟಸಾಲಿನಲ್ಲಿ ಕೈರೇ ಅನ್ನೋ ಬಿಸಿನೀರಿನ ಬುಗ್ಗೆಗಳ ಜಾಗ ಇದೆ. 2000ರಲ್ಲಿ ಜಪಾನಿನವರು ಕಂಡುಹಿಡಿದದ್ದು. ಆಳ ಸುಮಾರು 2,450 ಮೀಟರ್. ಬುಗ್ಗೆಯ ನೀರು ತಣ್ಣನೆ ಸಮುದ್ರಕ್ಕೆ ಬಿದ್ದ ಕೂಡಲೇ ಅದರಲ್ಲಿನ ಕಬ್ಬಿಣ, ತಾಮ್ರ, ಗಂಧಕ ಕಣಗಟ್ಟುತ್ತವೆ. ಹೊಗೆಯ ಹಾಗೆ ಮೇಲೇರಿ, ಕೆಲವು ನೂರು ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಹರಡಿಕೊಳ್ಳುತ್ತವೆ. ಸಂಶೋಧನೆಯ ಹಡಗಿನಲ್ಲಿ ಅಲ್ಲಿಗೆ ಹೋಗಿದ್ದ ನನಗೆ ಬೇಕಿದ್ದದ್ದು ಆ ಕಣಗಳು.

ಆಳದ ನೀರನ್ನು ಅಲ್ಲೇ ಮುಚ್ಚಿ ಹಿಡಿದು ತರೋ ನಿಸ್ಕಿನ್ ಬಾಟಲಿ ಸಾಕು ಅಂದುಕೊಂಡಿದ್ದೆ. ಹತ್ತು ಲೀಟರ್ ನೀರು ಹಿಡಿಯುತ್ತೆ, ಮೇಲೆ ತಂದು ಸೋಸಿದರಾಯ್ತು, ಅಲ್ವಾ? ಆಗಲಿಲ್ಲ. ಮೇಲೆ ಬರೋದಕ್ಕೇ ಮುಕ್ಕಾಲು ಗಂಟೆ, ಸೋಸೋ ಸರದಿ ಬರೋದಕ್ಕೆ ಇನ್ನಷ್ಟು ಹೊತ್ತು. ಅಷ್ಟರಲ್ಲಿ ದಪ್ಪ ಕಣಗಳು ಬಾಟಲಿಯ ನಲ್ಲಿಗಿಂತ ಕೆಳಗೆ ಗಸಿಯಾಗಿ ಕೂತಿರುತ್ತವೆ. ಕರಗಿದ್ದ ಕಬ್ಬಿಣವೂ ಬಾಟಲಿಯೊಳಗೇ ತುಕ್ಕಾಗತೊಡಗುತ್ತೆ. ಯಾವುದು ಸಮುದ್ರದ ಕಣ, ಯಾವುದು ಬಾಟಲಿಯಲ್ಲಿ ಹುಟ್ಟಿದ್ದು?

ಹಾಗಾಗಿ ಪಂಪನ್ನೇ ಕೆಳಗಿಳಿಸಿದೆವು. ಬ್ಯಾಟರಿಯಿಂದ ಓಡುವ ಪಂಪ್, ಅದರ ತಲೆಯ ಮೇಲೆ 142 ಮಿಲಿಮೀಟರ್ ಅಗಲದ ಫಿಲ್ಟರ್. ನೂರಾರು ಲೀಟರನ್ನು ಆ ಆಳದಲ್ಲೇ ಸೋಸುತ್ತೆ. ಒಂದೇ ತೊಂದರೆ, ಇಳಿಸಿದ ಮೇಲೆ ನಮ್ಮ ಮಾತು ಕೇಳಲ್ಲ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು ಓಡಬೇಕು, ಎಲ್ಲ ಡೆಕ್ ಮೇಲೇ ಹೇಳಿ ಕಳಿಸಬೇಕು.

ಮೊದಲ ಸಲ ಹಿಂದಿನ ರಾತ್ರಿಯ ಟರ್ಬಿಡಿಟಿ (ನೀರು ಎಷ್ಟು ಕದಡಿದೆ ಅನ್ನೋ) ಗ್ರಾಫ್ ನೋಡಿ ಆಳ ಗೊತ್ತುಮಾಡಿದೆ. ಮೂರು ಗಂಟೆ ಓಡಿಸಿ ಮೇಲೆತ್ತಿ ಮುಚ್ಚಳ ತೆಗೆದರೆ ಫಿಲ್ಟರ್ ಇಳಿಸಿದಾಗ ಹೇಗಿತ್ತೋ ಹಾಗೇ, ಬೆಳ್ಳಗೆ. ರಾತ್ರಿ ಕಂಡ ಹೊಗೆ ಬೆಳಗ್ಗೆ ಹೊತ್ತಿಗೆ ಬೇರೆ ಕಡೆ ಸರಿದಿತ್ತು. ಹಡಗಿನ ಒಂದು ದಿನ ಸುಮ್ನೆ ಹೋಯಿತು. ಊಟಕ್ಕೂ ಯಾರ ಜೊತೆ ಕೂರೋಕೆ ಮನಸ್ಸಾಗಲಿಲ್ಲ.

ಆಮೇಲೆ ಕ್ರಮ ಬದಲಿಸಿದೆ. ಪಂಪ್ ಇಳಿಸೋ ಮುಂಚೆ ಸಿಟಿಡಿ, ಅಂದರೆ ನೀರಿನ ಉಪ್ಪು, ಬಿಸಿ, ಆಳ ಅಳೆಯೋ ಯಂತ್ರ, ಇಳಿಸಿ ಹೊಗೆ ಎಲ್ಲಿದೆ ಅಂತ ಹೊಸದಾಗಿ ನೋಡುವುದು. ಒಂದೇ ತಂತಿಗೆ ಮೂರು ಪಂಪ್, ಐವತ್ತೈವತ್ತು ಮೀಟರ್ ಅಂತರದಲ್ಲಿ. ಒಂದಾದರೂ ಸಿಕ್ಕೇ ಸಿಗುತ್ತೆ. ಅಮೆರಿಕದ ವುಡ್ಸ್ ಹೋಲ್ ಸಮುದ್ರ ಸಂಶೋಧನಾ ಸಂಸ್ಥೆಯವರು ಒಂದೇ ಯಂತ್ರದಲ್ಲಿ 24 ಫಿಲ್ಟರ್ ಜೋಡಿಸಿ ರೋಬೋಟಿಗೆ ಕಟ್ಟಿ ಕಳಿಸುತ್ತಾರೆ. ಕಣ್ಣಿಗೆ ಕಂಡ ಹೊಗೆಯಲ್ಲೇ ಹಿಡಿಯಬಹುದು. ನಮಗೆ ಆ ಭಾಗ್ಯ ಇರಲಿಲ್ಲ.

ಎರಡನೇ ಸಲ ನಡುವಿನ ಪಂಪಿನ ಫಿಲ್ಟರ್ ಹಂಚಿನ ಪುಡಿ ಉಜ್ಜಿದ ಹಾಗಿತ್ತು. ನೀರು ಸೋರದಂತೆ ಹಾಕಿದ ರಬ್ಬರ್ ಬಳೆ (ಓ-ರಿಂಗ್) ಒತ್ತಿದ್ದ ಅಂಚು ಮಾತ್ರ ಬಿಳಿ. ಹೋಲ್ಡರಿನಲ್ಲಿ ಉಳಿದ ಉಪ್ಪುನೀರನ್ನು ನಿಧಾನಕ್ಕೆ ಹೀರಿ ತೆಗೆದು, ಗಾಳಿ ತಾಗದ ಹಾಗೆ ನೈಟ್ರೋಜನ್ ತುಂಬಿದ ಚೀಲದೊಳಗೆ ಕೈ ತೂರಿಸಿ, ಪ್ಲಾಸ್ಟಿಕ್ ಚಿಮುಟದಿಂದ ಎತ್ತಿದೆ. ಉಸಿರು ಬಿಗಿಹಿಡಿದಿದ್ದು ಗೊತ್ತಾಗಿದ್ದು ಫ್ರೀಜರ್ ಬಾಗಿಲು ಮುಚ್ಚಿದ ಮೇಲೆ.