ಕಾಯಿ ಎದ್ದು ನಿಂತ ಜಾಗ: ಬೋರಿನ ಪಾಯಿಂಟನ್ನು ಪರೀಕ್ಷೆಗೆ ಒಡ್ಡಿದ ಕ್ರಮ

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆ ಬೋರು ಕೊರೆಸುವ ಮೊದಲು, ನೀರು ಎಲ್ಲಿದೆ ಎಂದು ನೋಡಿಸಲು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗುವವರನ್ನು ಕರೆಸುವುದು ವಾಡಿಕೆ. ಕಾಯಿ ಜುಟ್ಟು ಮೇಲಾಗಿ ಎದ್ದ ಕಡೆ ಕಲ್ಲಿಟ್ಟು, ಪೂಜೆ ಮಾಡಿ, ಬೋರು ಕೊರೆಯುವ ಲಾರಿ ತರಿಸುತ್ತಾರೆ. ಪುರಾವೆ ಕೇಳಿದರೆ ಸಿಗುವ ಉತ್ತರ ಒಂದೇ: “ಊರೆಲ್ಲಾ ಇವರನ್ನೇ ಕರೆಸೋದಲ್ವೇನಣ್ಣಾ.” ಸಾವಿರ ಅಡಿ ದಾಟಿ ಕೊರೆಸುವ ಸೀಮೆಯಲ್ಲಿ ಆ ಉತ್ತರ ನನಗೆ ಸಾಲಲಿಲ್ಲ.

ಶುರು ಮಾಡಿದ್ದು ಒಂದು ಉದ್ದ ನೋಟ್‌ಬುಕ್ಕಿನಿಂದ. ಸುತ್ತಲಿನ ಪ್ರತಿ ಬೋರಿಗೂ ಒಂದು ಸಾಲು: ಸರ್ವೆ ನಂಬರ್, ಕೊರೆದ ತಿಂಗಳು, ಕೇಸಿಂಗ್ (ಮಣ್ಣು ಕುಸಿಯದಂತೆ ಮೇಲ್ಭಾಗಕ್ಕೆ ಇಳಿಸುವ ಪೈಪು) ಎಷ್ಟು ಅಡಿ, ನೀರು ಸಿಕ್ಕಿದ್ದು ಎಷ್ಟನೇ ಅಡಿಗೆ, ಎಷ್ಟು ಇಂಚು ನೀರು, ಒಂದು ಬೇಸಿಗೆ ಕಳೆದ ಮೇಲೆ ಎಷ್ಟು. ಪಾಯಿಂಟ್, ಅಂದರೆ ಕೊರೆಯುವ ಜಾಗ, ಹೇಗೆ ಗೊತ್ತು ಮಾಡಿದ್ದು ಅನ್ನುವುದು ಮುಖ್ಯ ಕಾಲಂ. ಕಾಯಿ, ಬೇವಿನ ಕವಲು ಕಡ್ಡಿ, ನೆಲಕ್ಕೆ ಕರೆಂಟು ಹಾಯಿಸಿ ನೋಡುವ ಮೆಷಿನ್, ಇಲ್ಲವೇ ‘ಲಾರಿ ನಿಲ್ಲೋ ಜಾಗ’. ಈ ಕೊನೆಯದನ್ನು ಬಿಡಲೇಬಾರದು. ಯಾರೂ ನೋಡದೆ, ದಾರಿ ಪಕ್ಕ ಅನುಕೂಲವಾಯಿತೆಂದು ಕೊರೆದ ಬೋರುಗಳೇ ಹೋಲಿಕೆಗೆ ಸಿಗುವ ಅಳತೆಗೋಲು. ಅಲ್ಲೂ ಅಷ್ಟೇ ನೀರು ಬಿದ್ದಿದ್ದರೆ ಕಾಯಿಯ ಪಾಲು ಎಷ್ಟು?

ಈ ಪಟ್ಟಿ ಕೆಡುವುದು ಫೇಲಾದ ಬೋರುಗಳ ಕಡೆಯಿಂದ. ನೀರು ಬಂದ ಬೋರು ಮೋಟರು ಹಾಕಿಸಿಕೊಂಡು ಎಲ್ಲರಿಗೂ ಕಾಣುವಂತೆ ನಿಂತಿರುತ್ತದೆ. ಬರೀ ಧೂಳು ಬಂದ ಬೋರಿನ ಕೇಸಿಂಗನ್ನು ಕಿತ್ತು ಇನ್ನೊಂದಕ್ಕೆ ಹಾಕಿರುತ್ತಾರೆ, ಗುರುತೇ ಉಳಿಯುವುದಿಲ್ಲ. ಮಾಲೀಕರೂ ಬಾಯಿ ಬಿಡುವುದಿಲ್ಲ. ಲಾರಿಯವರ ಹಳೇ ಬಿಲ್ಲು ಹುಡುಕಬೇಕು, ಅದರಲ್ಲಿ ಅಡಿ ಲೆಕ್ಕ ಇರುತ್ತದೆ. “ಇನ್ನೂ ನೂರಡಿ ಹೋಗಿದ್ರೆ ಬರ್ತಿತ್ತು” ಅನ್ನುವುದನ್ನು ನೀರು ಬಂದ ಲೆಕ್ಕಕ್ಕೆ ಸೇರಿಸಬಾರದು. ಎಷ್ಟು ಅಡಿಗೆ, ಎಷ್ಟು ಇಂಚು ಎಂದು, ನೀರು ನೋಡುವವರ ಬಾಯಲ್ಲೇ ಕೊರೆಯುವ ಮೊದಲು ಹೇಳಿಸಿ ಬರೆದುಕೊಂಡಿರಬೇಕು.

ಇಸವಿಯನ್ನೂ ಗಮನಿಸಬೇಕು. 2018ರಲ್ಲಿ ಕೆ.ಸಿ. ವ್ಯಾಲಿಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಹಾಗೆ ತುಂಬಿದ ಕೆರೆಯ ಕೆಳಗಿನ ಜಮೀನಿನಲ್ಲಿ ಆಮೇಲೆ ಕೊರೆದದ್ದು ಫಲಿಸಿದರೆ ಹೊಗಳಬೇಕಾದದ್ದು ಕೆರೆಯನ್ನೋ ಕಾಯಿಯನ್ನೋ? ಹಳೆಯದು ಹೊಸದು ಬೇರೆ ಬೇರೆ ಎಣಿಸಿದೆ.

ಪಟ್ಟಿ ಅನುಮಾನ ಹುಟ್ಟಿಸುತ್ತದೆ, ತೀರ್ಮಾನ ಕೊಡುವುದಿಲ್ಲ. ಅದಕ್ಕೆ ಉತ್ತರವನ್ನು ಮುಚ್ಚಿಟ್ಟು ನೋಡಬೇಕು. ಕೆಲವಕ್ಕೆ ಮಾತ್ರ ನೀರು ತುಂಬಿ, ಮುಚ್ಚಿದ ಬಿಂದಿಗೆಗಳನ್ನು ಸಾಲಾಗಿ ಇಟ್ಟರೆ “ನಿಂತ ನೀರು ನಮಗೆ ತಿಳಿಯೋದಿಲ್ಲ, ಹರಿಯೋದೇ ಬೇಕು” ಅನ್ನುತ್ತಾರೆ ಕಾಯಿ ಹಿಡಿಯುವವರು. ಸರಿ, ಹರಿಸೋಣ. ಎರಡೂವರೆ ಇಂಚಿನ ಪಿವಿಸಿ ಪೈಪು, ನೂರಡಿಯ ಎರಡು ಸಾಲು, ನಡುವೆ ಮೂವತ್ತು ಅಡಿ ಅಂತರ, ಒಂದಡಿ ಆಳ. ಅಂತರ ಕಡಿಮೆಯಾದರೆ ‘ಎರಡು ಹೆಜ್ಜೆ ಆಚೆ ಅಂದೆ’ ಎಂಬ ತಕರಾರು ಹುಟ್ಟುತ್ತದೆ. ನೀರನ್ನು ಎರಡು ಸಾಲಿಗೆ ಕವಲೊಡೆಸುವ ಒಂದು ಟೀ ಜಾಯಿಂಟು, ಸಾಲಿಗೊಂದರಂತೆ ಎರಡು ಗೇಟ್‌ವಾಲ್ವ್. ಮೋಟರು ನಿಲ್ಲಿಸಬಾರದು, ನಿಲ್ಲಿಸಿದರೆ ಸದ್ದೇ ಉತ್ತರ ಹೇಳಿಬಿಡುತ್ತದೆ. ನೀರು ಸದಾ ಹರಿಯುತ್ತಿರುತ್ತದೆ, ಎಡಕ್ಕೋ ಬಲಕ್ಕೋ ಅನ್ನುವುದಷ್ಟೇ ಬದಲು. ಎರಡೂ ತುದಿ ಗೋಡೆಯಾಚೆಯ ಒಂದೇ ತೊಟ್ಟಿಯೊಳಗೆ, ಬೀಳುವ ಸದ್ದು ಕೇಳದಂತೆ ನೀರಿನ ಮಟ್ಟಕ್ಕಿಂತ ಕೆಳಗೆ ಮುಳುಗಿರಬೇಕು.

ಜಾಗವನ್ನು ಅವರೇ ಆರಿಸಲಿ, ‘ಇಲ್ಲಿ ಕೆಳಗೆ ಸೆಲೆ ಇಲ್ಲ’ ಎಂದು ಅವರ ಬಾಯಲ್ಲೇ ಬರಲಿ. ಅಮಾವಾಸ್ಯೆ, ಚಪ್ಪಲಿ, ಮೈಲಿಗೆ, ಅಡ್ಡಿ ಏನಿದ್ದರೂ ಮೊದಲೇ ಕೇಳಿ ಬರೆದುಕೊಂಡು ಸಹಿ ಹಾಕಿಸಬೇಕು. ನೀರು ಯಾವ ಕಡೆ ಎಂದು ಹೇಳಿಯೇ ಮೊದಲು ಐದು ಸುತ್ತು ನಡೆಸಿ. ಐದರಲ್ಲಿ ಐದೂ ಕಾಯಿ ಎದ್ದರೆ, ‘ಎಲ್ಲ ಸರಿ ಇದೆ’ ಎಂದು ಅವರೇ ಒಪ್ಪಿದಂತಾಯಿತು. ಆಮೇಲೆ ಮುಚ್ಚುಮರೆಯ ಇಪ್ಪತ್ತು ಸುತ್ತು. ವಾಲ್ವಿನ ಹತ್ತಿರ ಇರುವವನು ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಲೇಬೇಕು, ಮನಸ್ಸಿಗೆ ಬಂದಂತೆ ತಿರುಗಿಸಿದರೆ ಎಡ-ಬಲ-ಎಡ-ಬಲ ಎಂಬ ಲಯ ಬಂದುಬಿಡುತ್ತದೆ. ತಿರುಗಿಸಿ, ಎರಡು ನಿಮಿಷ ಬಿಟ್ಟು ಸೀಟಿ. ಕಾಯಿ ಹಿಡಿದವರ ಜೊತೆ ನಡೆಯುವವನಿಗೆ ಉತ್ತರ ಗೊತ್ತಿರಕೂಡದು. ಗೊತ್ತಿದ್ದರೆ ಅವನ ಹೆಜ್ಜೆಯೇ ನಿಧಾನವಾಗಿ ಗುಟ್ಟು ಬಿಟ್ಟುಕೊಡುತ್ತದೆ. ಎರಡು ಕಡೆ ಎರಡು ಪುಸ್ತಕ, ತಾಳೆ ನೋಡುವುದು ಇಪ್ಪತ್ತೂ ಮುಗಿದ ಮೇಲೆಯೇ.

ಕೈಕೊಡುವುದು ಜಾಯಿಂಟು. ಒಂದು ಕಡೆ ಜಿನುಗಿದರೂ ಮಣ್ಣಿನ ಬಣ್ಣ ತಿರುಗುತ್ತದೆ. ಹಿಂದಿನ ದಿನವೇ ನೀರು ಬಿಟ್ಟು ನೋಡಿ, ಮೇಲೆ ಉದ್ದಕ್ಕೂ ರಾಗಿ ಹುಲ್ಲು ಹರಡಿ. ನಡುವೆ ಕರೆಂಟು ಹೋದರೆ ಆ ಸುತ್ತು ರದ್ದು.

ಕಣ್ಣು ಮುಚ್ಚಿ ಹೇಳಿದರೂ ಇಪ್ಪತ್ತರಲ್ಲಿ ಸುಮಾರು ಹತ್ತು ಸರಿಯಾಗುತ್ತವೆ. ಹದಿನಾರು ಅಥವಾ ಹೆಚ್ಚು ಬರೀ ಅದೃಷ್ಟದಿಂದ ಬರುವುದು ಸಾವಿರಕ್ಕೆ ಆರು ಸಲ, ಹಾಗಾಗಿ ಗೆರೆ ಎಳೆದದ್ದು ಹದಿನಾರಕ್ಕೆ. ಯಾರಾದರೂ ದಾಟಿದರೆ ಇನ್ನೊಂದು ದಿನ ಮತ್ತೆ ಇಪ್ಪತ್ತು ಎಂದೂ ಮೊದಲೇ ಬರೆದಿಟ್ಟದ್ದು. ಎರಡನೇ ದಿನದ ಅಗತ್ಯ ಬೀಳಲಿಲ್ಲ, ಅಂಕಗಳು ಹತ್ತರ ಆಸುಪಾಸಿನಲ್ಲೇ ತಿರುಗಿದವು. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಒಂದು ಕಣಜದ ಕೆಳಗಿನ ಅಂತಸ್ತಿನಲ್ಲಿ ಪೈಪು ಸರಿಸುತ್ತಾ, ಮೇಲಿನ ಅಂತಸ್ತಿನಲ್ಲಿ ನೀರು ನೋಡುವವರನ್ನು ನಡೆಸಿದ್ದರು. ಕೆಲವರಿಗೆ ಶಕ್ತಿ ಇದೆ ಎಂದೇ ಸಂಶೋಧಕರು ವಾದಿಸಿದರು. ಅದೇ ಅಂಕಗಳನ್ನು ಮತ್ತೆ ಲೆಕ್ಕ ಹಾಕಿದ ಅಮೆರಿಕದ ವಿಜ್ಞಾನಿ ಎನ್‌ರೈಟ್ ಅವು ಊಹೆಯ ಮಟ್ಟದವೇ ಎಂದರು.

ಹಾಗಾದರೆ ಕಾಯಿ ಏಳುವುದು ಸುಳ್ಳೇ? ಇಲ್ಲ, ನಿಜವಾಗಿಯೂ ಏಳುತ್ತದೆ. ಅಂಗೈ ಮಟ್ಟದಲ್ಲಿ ಫೋನ್ ಹಿಡಿದು ನಿಧಾನದ ವಿಡಿಯೋ ಮಾಡಿ, ಮಣಿಕಟ್ಟನ್ನೇ ನೋಡಿ. ಅದೇ ಕಾಯಿಯನ್ನು ಅದೇ ಜಾಗದಲ್ಲಿ ಮಣೆಯ ಮೇಲೆ, ಸಿಂಬಿಯೊಳಗೆ ಮಲಗಿಸಿ, ಮಲಗಿಯೇ ಇರುತ್ತದೆ. ಹಿಡಿದವರಿಗೇ ಅರಿವಿಲ್ಲದೆ ಸ್ನಾಯು ಕದಲುತ್ತದೆ. ಕೈಯಿಟ್ಟ ಮೇಜು ದೆವ್ವದಿಂದ ತಿರುಗುತ್ತದೆ ಎಂದು ಜನ ನಂಬಿದ್ದಾಗ, ಮೇಜಿಗೂ ಕೈಗೂ ನಡುವೆ ಉರುಳೆ ಇಟ್ಟು ಮೊದಲು ಸರಿಯುವುದು ಕೈ ಎಂದು ಮೈಕೇಲ್ ಫ್ಯಾರಡೆ 1853ರಲ್ಲೇ ತೋರಿಸಿದ್ದ. ಅದಕ್ಕೇ ಕಾಯಿ ಹಿಡಿಯುವ ಇವರನ್ನು ಮೋಸಗಾರರು ಅನ್ನಲು ನಾನು ತಯಾರಿಲ್ಲ. ಎಲೆ ಅಡಿಕೆ, ದಕ್ಷಿಣೆ ಮೊದಲೇ ಕೊಟ್ಟುಬಿಡಬೇಕು, ಜನ ಸೇರಿಸಬಾರದು. ಗೌರಿಬಿದನೂರು ಕಡೆಯ ಹೊಸೂರಿನವರಾದ, ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಎದ್ದ ಗದ್ದಲ ಈ ಸೀಮೆಯ ಹಿರಿಯರಿಗೆ ನೆನಪಿದೆ. ಮಾನದ ಪ್ರಶ್ನೆ ಎದ್ದರೆ ಲೆಕ್ಕ ಯಾರಿಗೂ ಬೇಡವಾಗುತ್ತದೆ.

ಕಾಯಿ ಬಿಟ್ಟವರು ಮೆಷಿನ್ನಿಗೆ ಅದೇ ಭಕ್ತಿಯಿಂದ ಕೈಮುಗಿಯುವುದು ಈಗ ಹೆಚ್ಚು. ಇಲ್ಲಿನ ಗಟ್ಟಿ ಕಲ್ಲಿನಲ್ಲಿ ನೀರಿರುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ನೆಲಕ್ಕೆ ಊರಿದ ಸರಳುಗಳಿಂದ ಕರೆಂಟು ಹಾಯಿಸಿ ತಡೆ ಅಳೆಯುವ ಮೆಷಿನ್ನಿನ ವಿಧಾನಕ್ಕೆ ಶಾಸ್ತ್ರವೇನೋ ಇದೆ. ಆದರೆ ಎಷ್ಟು ಆಳ ನೋಡಬೇಕೋ, ಹೊರಗಿನ ಎರಡು ಸರಳುಗಳ ನಡುವೆ ಅದಕ್ಕಿಂತ ಎಷ್ಟೋ ಹೆಚ್ಚು ದೂರ ಬೇಕು. ಸಾವಿರಡಿಗೆ ಎರಡು ಸಾವಿರ ಅಡಿ ತಂತಿ ಎಳೆದರೂ ಕಮ್ಮಿಯೇ. ಎರಡು ಎಕರೆ ಚೌಕ ಹೊಲದ ಒಂದು ಬದಿ ಮುನ್ನೂರು ಅಡಿಗೂ ಕಡಿಮೆ. ಹೊಲದ ಮೂಲೆಯಲ್ಲೇ ನಿಂತು ‘ಸಾವಿರದಿನ್ನೂರು ಅಡಿಗೆ ನೀರಿದೆ’ ಅನ್ನುವವರನ್ನು ತಂತಿ ಎಲ್ಲಿವರೆಗೆ ಎಳೆದಿರಿ ಸ್ವಾಮಿ ಎಂದು ಕೇಳಿ, ಉತ್ತರವನ್ನು ಅದೇ ನೋಟ್‌ಬುಕ್ಕಿನ ಅದೇ ಕಾಲಂನಲ್ಲಿ ಬರೆದುಕೊಳ್ಳುತ್ತೇನೆ.